ಸರ್ವರ್ ಡೌನ್, ಕಂಪನಿ ಗಪ್‌ಚುಪ್: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು, ಆನ್‌ಲೈನ್ ಗೇಮ್ ಸರ್ವರ್ ಕೈ ಕೊಡೋದು, ಕೈ ಕೊಟ್ಟಾಗ ಕಂಪನಿಯವರು ತುಟಿ ಬಿಚ್ಚದೆ ಕೂರೋದು. ಉದ್ದ ಇದ್ದ ಪತ್ರಗಳ ಮುಖ್ಯ ಭಾಗ ಮಾತ್ರ ಹಾಕಿದ್ದೀನಿ, ಬರೆದವರ ಹೆಸರು ಮತ್ತು ಅವರು ದೂರಿದ ಗೇಮ್‌ಗಳ ಹೆಸರು ತೆಗೆದಿದ್ದೀನಿ. ಉತ್ತರದಲ್ಲಿ ಬರೋ ಹೆಸರುಗಳು ಮಾತ್ರ ಎಲ್ಲರಿಗೂ ಗೊತ್ತಿರೋ, ಸುದ್ದಿಯಾದ ಘಟನೆಗಳವು.

ಪ್ರಶ್ನೆ: ಗೇಮ್‌ನ ಸೀಸನ್ (ರ‍್ಯಾಂಕ್ ಲೆಕ್ಕ ಹಾಕೋ ಅವಧಿ) ಕೊನೇ ದಿನ. ಇನ್ನೆರಡು ಮ್ಯಾಚ್ ಗೆದ್ದಿದ್ರೆ ರ‍್ಯಾಂಕ್ ಮೇಲೆ ಹೋಗ್ತಿತ್ತು. ಸಂಜೆ ಸರ್ವರ್ ಹೋಯ್ತು, ಸೀಸನ್ ಮುಗಿಯೋವರೆಗೂ ಬರಲೇ ಇಲ್ಲ. ಕಂಪನಿಯಿಂದ ಬಂದಿದ್ದು ಒಂದೇ ಸಾಲು, "ಸಮಸ್ಯೆ ನಮ್ಮ ಗಮನಕ್ಕೆ ಬಂದಿದೆ, ಪರಿಶೀಲಿಸುತ್ತಿದ್ದೇವೆ" ಅಂತ. ಬೆಳಗಿನವರೆಗೂ ಬೇರೆ ಸುದ್ದಿ ಇಲ್ಲ, ರಾತ್ರಿಯೆಲ್ಲ ರಿಫ್ರೆಶ್ ಮಾಡ್ತಾ ಕೂತಿದ್ದೆ. ಮನೇಲಿ ಒಂದು ಗೇಮ್‌ಗೆ ಇಷ್ಟು ತಲೆ ಕೆಡಿಸ್ಕೋತೀಯಲ್ಲ ಅಂತಾರೆ. ನನ್ನ ಸಿಟ್ಟು ಅತಿಯಾಯ್ತಾ?
ಕಾಲೇಜು ವಿದ್ಯಾರ್ಥಿ

ಉತ್ತರ: ಅತಿ ಏನೂ ಆಗಿಲ್ಲ ತಮ್ಮಾ. ಅಷ್ಟು ದಿನ ಕಷ್ಟಪಟ್ಟು ಹತ್ತಿದವನಿಗೆ ಕೊನೇ ಗಳಿಗೇಲಿ ಆಡೋಕೇ ಬಿಡದಿದ್ರೆ ಹೊಟ್ಟೆ ಉರಿಯದೆ ಇರುತ್ತಾ. ಆದ್ರೆ ನಿನ್ನ ಪತ್ರ ಇನ್ನೊಂದು ಸಲ ಓದಿ ನೋಡು, ಸಂಜೆ ಸರ್ವರ್ ಹೋದಾಗ ನೀನು ಬೇಜಾರು ಮಾಡ್ಕೊಂಡೆ ಅಷ್ಟೇ, ಸಿಟ್ಟು ಬಂದಿದ್ದು ಆ ಒಂದು ಸಾಲಿನ ನಂತರ ಏನೂ ಬರದೇ ಇದ್ದಾಗ. ಮಲಗಬೇಕಾ ಕಾಯಬೇಕಾ, ಸೀಸನ್ ಮುಂದಕ್ಕೆ ಹಾಕ್ತಾರಾ ಇಲ್ವಾ, ಇಷ್ಟು ಹೇಳಿದ್ರೆ ಸಾಕಿತ್ತು ನೀನು ನಿದ್ದೆ ಮಾಡ್ತಿದ್ದೆ. ನಿನ್ನ ರಾತ್ರಿ ಹಾಳು ಮಾಡಿದ್ದು ಆ ಮೌನ.

ಸರ್ವರ್ ಅಂದ್ಮೇಲೆ ಬೀಳುತ್ತೆ, ಎಷ್ಟು ದೊಡ್ಡ ಕಂಪನಿ ಆದ್ರೂ ಅಷ್ಟೇ. ರೋಬ್ಲಾಕ್ಸ್ 2021ರ ಅಕ್ಟೋಬರ್ 28ಕ್ಕೆ ಬಿದ್ದಿದ್ದು 73 ಗಂಟೆ ಏಳಲಿಲ್ಲ, ಆಗ ದಿನಕ್ಕೆ ಸುಮಾರು 5 ಕೋಟಿ ಜನ ಆಡೋಕೆ ಬರ್ತಿದ್ದ ಜಾಗ ಅದು. ಅವತ್ತೇ ಅದರೊಳಗೆ ಒಂದು ರೆಸ್ಟೋರೆಂಟ್ ಚೈನ್‌ನ ಫ್ರೀ ತಿಂಡಿ ಪ್ರಚಾರ ಶುರುವಾಗಿತ್ತು, ಸರಿಯಾದ ಕಾರಣ ಯಾರೂ ಹೇಳದೆ ಇದ್ದಿದ್ದರಿಂದ ಜನ ಅದರಿಂದಲೇ ಬಿತ್ತು ಅಂತ ಹಬ್ಬಿಸಿದ್ರು, ಕೊನೆಗೆ ಕಂಪನಿಯೇ ಬಂದು ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅನ್ನಬೇಕಾಯ್ತು. ನಿಜವಾದ ಕಾರಣ ಬೇರೇನೇ ಇತ್ತು. ಅವರ ಸಾವಿರಾರು ಸರ್ವರ್‌ಗಳು ಒಂದನ್ನೊಂದು ಹುಡುಕಿಕೊಳ್ಳೋಕೆ ಬಳಸೋ ಕನ್ಸಲ್ ಅನ್ನೋ ಸಾಫ್ಟ್‌ವೇರಲ್ಲಿ ಹೊಸ ಫೀಚರ್ ಒಂದನ್ನ ಆನ್ ಮಾಡಿದ್ರು, ಲೋಡ್ ಜಾಸ್ತಿ ಆದಾಗ ಅದೇ ಎಲ್ಲವನ್ನೂ ಕಟ್ಟಿಹಾಕ್ತು. ಇನ್ನೂ ಕಷ್ಟ ಏನಂದ್ರೆ ಎಲ್ಲಿ ಕೆಟ್ಟಿದೆ ಅಂತ ತೋರಿಸಬೇಕಾದ ಮಾನಿಟರಿಂಗ್ ಕೂಡ ಆ ಕನ್ಸಲ್ ಮೇಲೇ ನಿಂತಿತ್ತು, ಹಾಗಾಗಿ ಎಂಜಿನಿಯರ್‌ಗಳಿಗೇ ಕಣ್ಣು ಕಟ್ಟಿದ ಹಾಗಾಗಿತ್ತು. ಇದನ್ನೆಲ್ಲ ಅವರೇ 2022ರ ಜನವರಿಯಲ್ಲಿ ಒಂದು ಉದ್ದನೆಯ ವರದಿ ಬರೆದು ಒಪ್ಪಿಕೊಂಡ್ರು. ಆ ವರದಿ ನನಗೆ ತುಂಬಾ ಇಷ್ಟ, ಎಲ್ಲ ಕಂಪನಿಗಳೂ ಹಾಗೆ ಬರೀಬೇಕು. ಆದ್ರೆ ಆ ಮೂರು ದಿನ ಕಾದು ಕೂತವರಿಗೆ ಅದು ತಲುಪಿದ್ದು ಎರಡೂವರೆ ತಿಂಗಳಾದ್ಮೇಲೆ.

ಹಾಗಾಗಿ ಕೆಲವು ಸಲ "ಪರಿಶೀಲಿಸ್ತಾ ಇದ್ದೀವಿ" ಅನ್ನೋದು ಸುಳ್ಳಲ್ಲ, ಅವರಿಗೂ ನಿಜವಾಗಿ ಗೊತ್ತಿರಲ್ಲ. ಗೊತ್ತಿಲ್ಲ ಅಂತ ಹೇಳೋಕೆ ಏನು ಕಷ್ಟ ಅನ್ನೋದೇ ನನ್ನ ಪ್ರಶ್ನೆ. ಒಳಗೆ ಏನು ನಡೆಯುತ್ತೆ ಅಂದ್ರೆ, ಎಂಜಿನಿಯರ್‌ಗಳು ರಿಪೇರಿಯಲ್ಲಿ ಮುಳುಗಿರ್ತಾರೆ, ಜನರ ಜೊತೆ ಮಾತಾಡೋ ಕಮ್ಯುನಿಟಿ ಮ್ಯಾನೇಜರ್‌ಗೆ ಅವರು ಏನೂ ಹೇಳಿರಲ್ಲ, ಹೇಳಿದ್ರೂ ಪೋಸ್ಟ್ ಹಾಕೋಕೆ ಮೇಲಿನವರ ಒಪ್ಪಿಗೆ ಬೇಕು, ಮೇಲಿನವರಿಗೆ ತಪ್ಪು ಮಾತು ಹೊರಗೆ ಹೋದ್ರೆ ಏನ್ ಗತಿ ಅನ್ನೋ ಭಯ, ಹೀಗೆ ಒಬ್ಬರ ಮುಖ ಒಬ್ಬರು ನೋಡ್ಕೊಂಡು ರಾತ್ರಿ ಕಳೆದುಹೋಗುತ್ತೆ. ಹೊರಗೆ ಕೂತಿರೋ ನಮಗೆ ಕಾಣೋದು ಬರೀ ಮೌನ.

ಈ ಮೌನ ಕೆಲವು ಸಲ ಗೇಮ್‌ಗಿಂತ ದೊಡ್ಡ ಪೆಟ್ಟು ಕೊಡುತ್ತೆ. 2011ರ ಏಪ್ರಿಲ್ 20ಕ್ಕೆ ಸೋನಿ ತನ್ನ ಆನ್‌ಲೈನ್ ಗೇಮ್ ಸೇವೆಯಾದ ಪ್ಲೇಸ್ಟೇಷನ್ ನೆಟ್‌ವರ್ಕ್ ಪೂರ್ತಿ ಬಂದ್ ಮಾಡ್ತು. ಸುಮಾರು 7.7 ಕೋಟಿ ಅಕೌಂಟ್‌ಗಳ ಖಾಸಗಿ ವಿವರ ಕಳುವಾಗಿದೆ ಅಂತ ಜನರಿಗೆ ಹೇಳಿದ್ದು ಏಪ್ರಿಲ್ 26ಕ್ಕೆ. ಆ ಆರು ದಿನ ಪಾಸ್‌ವರ್ಡ್ ಬದಲಾಯಿಸಬೇಕು, ಕಾರ್ಡ್ ಮೇಲೆ ಕಣ್ಣಿಡಬೇಕು ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಸರ್ವಿಸ್ ಮತ್ತೆ ಶುರುವಾಗೋಕೆ ಮೇ ತಿಂಗಳ ಮಧ್ಯ ಆಯ್ತು, ಆಮೇಲೆ ಫ್ರೀ ಗೇಮ್‌ಗಳನ್ನೂ ಕೊಟ್ರು, ಆದ್ರೆ ಜನ ಇವತ್ತಿಗೂ ನೆನಪಿಟ್ಟುಕೊಂಡಿರೋದು ಆ ಆರು ದಿನ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. 2021ರ ಡಿಸೆಂಬರಲ್ಲಿ ಫೈನಲ್ ಫ್ಯಾಂಟಸಿ 14 ಗೇಮ್‌ನ ಹೊಸ ಭಾಗ ಎಂಡ್‌ವಾಕರ್ ಬಂದಾಗ ಲಾಗಿನ್ ಕ್ಯೂ ಗಂಟೆಗಟ್ಟಲೆ, ಕ್ಯೂನಲ್ಲಿ ನಿಂತವರನ್ನೂ ಎರರ್ 2002 ಹೊರಗೆ ಹಾಕ್ತಿತ್ತು. ಪ್ರೊಡ್ಯೂಸರ್ ನಾವೊಕಿ ಯೊಶಿದಾ ಮೇಲಿಂದ ಮೇಲೆ ಪೋಸ್ಟ್ ಬರೆದ್ರು, ಚಿಪ್ ಕೊರತೆಯಿಂದ ಹೊಸ ಸರ್ವರ್ ಸಿಕ್ತಿಲ್ಲ ಅಂದ್ರು, ಎರರ್ ಯಾವ ಮಿತಿ ದಾಟಿದಾಗ ಬರುತ್ತೆ ಅಂತ ಬಿಡಿಸಿ ಹೇಳಿದ್ರು, ಮೊದಲು 7 ದಿನ ಆಮೇಲೆ ಇನ್ನೂ 14 ದಿನ ಚಂದಾ ಫ್ರೀ ಕೊಟ್ರು. ಕೊನೆಗೆ ಹೊಸಬರಿಗೆ ಗೇಮ್ ಮಾರೋದನ್ನೇ ನಿಲ್ಲಿಸಿ, 2022ರ ಜನವರಿ 25ಕ್ಕೆ ಮತ್ತೆ ಶುರು ಮಾಡಿದ್ರು. ಅಷ್ಟಾದ್ರೂ ಕ್ಯೂ ಉದ್ದವಾಗೇ ಇತ್ತು, ಜನ ಬೈಕೊಂಡೇ ನಿಂತ್ರು, ಆದ್ರೆ ನಿಂತ್ರು. ಮಾರಾಟ ನಿಲ್ಲಿಸೋಷ್ಟು ದೂರ ಹೋದವರ ಮಾತನ್ನ ನಂಬಬಹುದು ಅಂತ ಅವರಿಗೆ ಅನಿಸಿತ್ತು.

ನೀನು ಈಗ ಮಾಡೋದು ಇಷ್ಟು. ಆ ಸಂಜೆ ಎಷ್ಟು ಹೊತ್ತಿಗೆ ಹೋಯ್ತು, ನಿನ್ನ ರ‍್ಯಾಂಕ್ ಎಲ್ಲಿತ್ತು, ಸೀಸನ್ ಎಷ್ಟಕ್ಕೆ ಮುಗೀತು, ಇದನ್ನ ಸ್ಕ್ರೀನ್‌ಶಾಟ್ ಸಮೇತ ಸಪೋರ್ಟ್‌ಗೆ ಬರಿ, ನಿನ್ನ ಥರ ಆದವರನ್ನೆಲ್ಲ ಬರೆಯೋಕೆ ಹೇಳು. ಹೋದ ಸೀಸನ್ ವಾಪಸ್ ತರಿಸೋದು ಕಷ್ಟ, ಆದ್ರೆ ಸರ್ವರ್ ಬಂದ್ ಇದ್ದಷ್ಟು ಹೊತ್ತು ಸೀಸನ್ ಮುಂದಕ್ಕೆ ಹಾಕಬೇಕು ಅನ್ನೋ ನಿಯಮ ಮುಂದಿನ ಸಲಕ್ಕಾದ್ರೂ ಬರಬೇಕು ಅಂದ್ರೆ ಈಗಲೇ ಕೇಳಬೇಕು.

ಪ್ರಶ್ನೆ: ಲಾಗಿನ್ ಆಗದೇ ಇದ್ದಾಗ ನನ್ನ ನೆಟ್ ಸರಿ ಇಲ್ವಾ ಅವರ ಸರ್ವರ್ ಸರಿ ಇಲ್ವಾ ಅಂತ ಗೊತ್ತಾಗೋದೇ ಇಲ್ಲ. ಸರ್ವರ್ ಹೇಗಿದೆ ಅಂತ ತೋರಿಸೋ ಅವರ ಸ್ಟೇಟಸ್ ಪೇಜ್ ನೋಡಿದ್ರೆ ಯಾವಾಗಲೂ ಹಸಿರು, ಎಲ್ಲ ಸರಿ ಅಂತ!

ಉತ್ತರ: ಮೊದಲು ಫೋನ್ ಹಾಟ್‌ಸ್ಪಾಟ್‌ಗೆ ಹಾಕಿ ನೋಡಿ. ಅದರಲ್ಲಿ ಗೇಮ್ ಓಪನ್ ಆದ್ರೆ ತೊಂದರೆ ನಿಮ್ಮ ವೈಫೈದು ಅಥವಾ ನಿಮ್ಮ ನೆಟ್ ಕಂಪನಿಯದ್ದು. ಎರಡರಲ್ಲೂ ಆಗದೆ ಬೇರೆ ಸೈಟ್, ವಿಡಿಯೋ ಎಲ್ಲ ಸರಿಯಾಗಿ ಓಡ್ತಿದ್ರೆ ತೊಂದರೆ ಹೆಚ್ಚಾಗಿ ಅವರ ಕಡೆ. ಬೇರೆ ನೆಟ್‌ವರ್ಕ್ ಬಳಸೋ ಒಬ್ಬ ಫ್ರೆಂಡ್‌ನ ಕೇಳಿ, ಒಂದೇ ನೆಟ್ ಕಂಪನಿಯವರಿಗೆ ಮಾತ್ರ ಆಗ್ತಿಲ್ಲ ಅಂದ್ರೆ ದಾರಿಯಲ್ಲಿ ಎಲ್ಲೋ ರೂಟಿಂಗ್ (ಡೇಟಾ ನಿಮ್ಮಿಂದ ಸರ್ವರ್‌ಗೆ ಹೋಗೋ ಹಾದಿ) ಕೆಟ್ಟಿದೆ ಅಂತ ಅರ್ಥ, ಅದಕ್ಕೆ ಗೇಮ್ ಕಂಪನಿಗೆ ಬೈದು ಪ್ರಯೋಜನ ಇಲ್ಲ. ಎರರ್ ಕೋಡ್ ಬಂದ್ರೆ ತಪ್ಪದೆ ಬರೆದಿಟ್ಟುಕೊಳ್ಳಿ.

ಸ್ಟೇಟಸ್ ಪೇಜ್ ಹಸಿರಾಗೇ ಇರೋಕೆ ಕಾರಣ, ಎಷ್ಟೋ ಕಡೆ ಅದನ್ನ ಮನುಷ್ಯರು ಕೈಯಾರೆ ಬದಲಾಯಿಸಬೇಕು. ಇನ್ನು ಕೆಲವು ಕಡೆ ಸರ್ವರ್ ಜೀವಂತ ಇದೆಯಾ ಅಂತಷ್ಟೇ ಚೆಕ್ ಮಾಡುತ್ತೆ, ನೀವು ಒಳಗೆ ಹೋಗೋಕೆ ಆಗ್ತಿದೆಯಾ ಅಂತ ನೋಡಲ್ಲ. ಡೌನ್‌ಡಿಟೆಕ್ಟರ್ ಥರದ ಸೈಟ್‌ಗಳು ಜನ ಕೊಡೋ ದೂರನ್ನ ಲೆಕ್ಕ ಹಾಕ್ತಾವೆ, ಬೇಗ ಗೊತ್ತಾಗುತ್ತೆ ನಿಜ, ಆದ್ರೆ ನೆಟ್ ಕಂಪನಿ ಬಿದ್ರೂ ಜನ ಗೇಮ್ ಬಿತ್ತು ಅಂತಲೇ ದೂರು ಹಾಕ್ತಾರೆ, ಅದು ತಲೇಲಿರಲಿ. ಒಮ್ಮೊಮ್ಮೆ ಗೇಮ್ ಕಂಪನಿಯದ್ದೂ ತಪ್ಪಿರಲ್ಲ, 2025ರ ಅಕ್ಟೋಬರ್ 20ಕ್ಕೆ ಅಮೆಜಾನ್‌ನ ಕ್ಲೌಡ್‌ನಲ್ಲಿ ತೊಂದರೆಯಾದಾಗ ಫೋರ್ಟ್‌ನೈಟ್, ರೋಬ್ಲಾಕ್ಸ್ ಎರಡಕ್ಕೂ ಪೆಟ್ಟು ಬಿತ್ತು.

ಪ್ರಶ್ನೆ: ಅಪ್‌ಡೇಟ್ ಬಂದಾಗಲೆಲ್ಲ 4 ಗಂಟೆ ಮೇಂಟೆನೆನ್ಸ್ ಅಂತ ಹಾಕ್ತಾರೆ, ಆಮೇಲೆ ಇನ್ನೆರಡು ಗಂಟೆ, ಆಮೇಲೆ ಇನ್ನೆರಡು. ಅಂದಾಜು ಹಾಕೋಕೇ ಬರಲ್ವಾ ಇವರಿಗೆ? ಓಪನ್ ಆದ್ಮೇಲೂ ಒಳಗೆ ಹೋಗೋಕೆ ಇನ್ನೊಂದು ಗಂಟೆ.

ಉತ್ತರ: ಅಪ್‌ಡೇಟಲ್ಲಿ ಹೊಸ ಮ್ಯಾಪ್, ಹೊಸ ಗನ್ ಹಾಕೋದು ಸುಲಭದ ಭಾಗ. ಕಷ್ಟ ಇರೋದು ಡೇಟಾಬೇಸಲ್ಲಿ. ಎಲ್ಲ ಆಟಗಾರರ ಲೆವೆಲ್, ವಸ್ತು, ದುಡ್ಡಿನ ಲೆಕ್ಕ ಹಳೇ ರೂಪದಿಂದ ಹೊಸ ರೂಪಕ್ಕೆ ಬದಲಾಯಿಸಬೇಕು, ಟೆಸ್ಟ್ ಸರ್ವರಲ್ಲಿ ಸ್ವಲ್ಪೇ ಅಕೌಂಟ್ ಇಟ್ಟು ಮಾಡಿದಾಗ ಹತ್ತು ನಿಮಿಷದಲ್ಲಿ ಆಗಿದ್ದು ನಿಜವಾದ ಸರ್ವರಲ್ಲಿ ಗಂಟೆಗಟ್ಟಲೆ ಎಳೆಯುತ್ತೆ. ಅರ್ಧ ದಾರೀಲಿ ತಪ್ಪು ಕಂಡ್ರೆ ಹಿಂದಕ್ಕೆ ಹೋಗಿ ಬ್ಯಾಕಪ್‌ನಿಂದ ಮತ್ತೆ ಶುರು ಮಾಡಬೇಕು. ಅವಸರ ಮಾಡಿ ನಿಮ್ಮ ವಸ್ತು ಕಳೆಯೋದಕ್ಕಿಂತ ಎರಡು ಗಂಟೆ ತಡ ಮಾಡೋದೇ ವಾಸಿ, ಈ ವಿಷಯದಲ್ಲಿ ನಾನು ಎಂಜಿನಿಯರ್‌ಗಳ ಪರ.

ಓಪನ್ ಆದ್ಮೇಲಿನ ಆ ಒಂದು ಗಂಟೆ ಬೇರೆ ಕಥೆ. ಸಿನಿಮಾ ಬಿಟ್ಟಾಗ ಇಡೀ ಹಾಲ್ ಒಂದೇ ಬಾಗಿಲಿಗೆ ನುಗ್ಗಿದ ಹಾಗೆ ಅಷ್ಟೂ ಜನ ಒಟ್ಟಿಗೆ ಲಾಗಿನ್ ಒತ್ತುತ್ತಾರೆ, ಆಗದಿದ್ರೆ ಮತ್ತೆ ಒತ್ತುತ್ತಾರೆ, ಗೇಮ್ ಕೂಡ ತಾನಾಗೇ ಮತ್ತೆ ಮತ್ತೆ ಟ್ರೈ ಮಾಡುತ್ತೆ, ಆಗ ಚೆನ್ನಾಗಿರೋ ಸರ್ವರೂ ಕುಸಿಯುತ್ತೆ. 2012ರ ಮೇ 15ಕ್ಕೆ ಡಯಾಬ್ಲೋ 3 ಬಿಡುಗಡೆಯಾದ ದಿನ ಎರರ್ 37 ಅಂತ ಅಷ್ಟು ಫೇಮಸ್ ಆಗಿದ್ದು ಲಾಗಿನ್ ಸರ್ವರ್ ತುಂಬಿ ತುಳುಕಿದ್ದಕ್ಕೇ. ಇದಕ್ಕೆ ಪರಿಹಾರ ಇದೆ. ಆಗಲೇ ಹೇಳಿದ ರೋಬ್ಲಾಕ್ಸ್ ವಾಪಸ್ ಬರುವಾಗ ಒಟ್ಟಿಗೆ ಎಲ್ಲರನ್ನೂ ಬಿಡದೆ ಶೇಕಡಾ 10ರಂತೆ ಹೆಚ್ಚಿಸ್ತಾ ಒಳಗೆ ಬಿಟ್ಟಿತು.

ಅಂದಾಜು ತಪ್ಪೋದಕ್ಕೆ ನನ್ನ ತಕರಾರಿಲ್ಲ. 4 ಗಂಟೆ ಆಗುತ್ತೆ ಅಂದವರು 3 ಗಂಟೆ 55 ನಿಮಿಷಕ್ಕೆ ಬಂದು ಇನ್ನೂ 2 ಗಂಟೆ ಅಂತಾರಲ್ಲ, ಅದಕ್ಕೆ ನನ್ನ ತಕರಾರು. ತಡ ಆಗುತ್ತೆ ಅಂತ ಕೆಲಸ ಮಾಡೋರಿಗೆ ಬಹಳ ಮುಂಚೆನೇ ಗೊತ್ತಿರುತ್ತೆ, ಆಗಲೇ ಹೇಳಿದ್ರೆ ರಜಾ ಹಾಕಿ ಕೂತವರು ಬೇರೆ ಏನಾದ್ರೂ ಕೆಲಸ ನೋಡ್ಕೋತಾರೆ. ಈವ್ ಆನ್‌ಲೈನ್ ಅನ್ನೋ ಗೇಮ್ ನೋಡಿ, ಪ್ರತಿದಿನ ಯುಟಿಸಿ (ಜಾಗತಿಕ ಸಮಯ) 11 ಗಂಟೆಗೆ ಸ್ವಲ್ಪ ಹೊತ್ತು ಬಂದ್ ಆಗುತ್ತೆ, ಅದನ್ನ ಆಡೋರಿಗೆಲ್ಲ ಗೊತ್ತು, ಯುದ್ಧದ ಪ್ಲಾನ್ ಹಾಕುವಾಗಲೂ ಆ ಹೊತ್ತು ಬಿಟ್ಟೇ ಹಾಕ್ತಾರೆ. ಮುಂಚೆ ಗೊತ್ತಿರೋ ಡೌನ್‌ಟೈಮ್ ಯಾರನ್ನೂ ನೋಯಿಸಲ್ಲ.

ಪ್ರಶ್ನೆ: 15 ವರ್ಷದ ಮಗ ಆಟದ ಮಧ್ಯೆ ಸರ್ವರ್ ಹೋಯ್ತು ಅಂತ ಕಿರುಚಿ ಹೆಡ್‌ಸೆಟ್ ಎಸೆದ. ಬರೀ ಆಟ ತಾನೇ, ನಾಳೆ ಆಡು ಅಂದ್ರೆ ನಿನಗೆ ಅರ್ಥ ಆಗಲ್ಲಮ್ಮ ಅಂತಾನೆ. ಏನು ಅರ್ಥ ಮಾಡ್ಕೋಬೇಕು ನಾನು?
ಒಬ್ಬ ತಾಯಿ

ಉತ್ತರ: ಅಮ್ಮಾ, ಕೇಳಿದ್ದು ಒಳ್ಳೇದಾಯ್ತು. ಅವನು ಆಡೋದು ಟೀಮ್ ಗೇಮ್ ಇರಬೇಕು. ಅದರಲ್ಲಿ ಮಧ್ಯೆ ನಿಲ್ಲಿಸಿ ನಾಳೆ ಮುಂದುವರಿಸೋಕೆ ಆಗಲ್ಲ, ಜೊತೇಲಿ ಬೇರೆ ಮಕ್ಕಳು ಇರ್ತಾರೆ, ಇವನು ಹೋದ್ರೆ ಅವರೂ ಸೋಲ್ತಾರೆ. ಕೆಲವು ಗೇಮ್‌ಗಳಲ್ಲಿ ಸರ್ವರ್ ತಪ್ಪಿಂದ ಹೊರಗೆ ಬಿದ್ರೂ ಬೇಕಂತಲೇ ಬಿಟ್ಟು ಹೋದ ಅಂತ ಲೆಕ್ಕ ಹಾಕಿ ಅಂಕ ಕಡಿಮೆ ಮಾಡ್ತಾರೆ, ಸ್ವಲ್ಪ ಹೊತ್ತು ಆಡೋಕೂ ಬಿಡಲ್ಲ. ತಾನು ಮಾಡದ ತಪ್ಪಿಗೆ ಶಿಕ್ಷೆ ಆದಾಗ, ಯಾಕೆ ಅಂತ ಕೇಳೋಕೆ ಯಾರೂ ಇಲ್ಲದೇ ಇದ್ದಾಗ, ಆ ವಯಸ್ಸಲ್ಲಿ ಅದು ಬಹಳ ದೊಡ್ಡ ಅನ್ಯಾಯ ಅನಿಸುತ್ತೆ. ಅನ್ಯಾಯವೇ ಅದು.

ಹೆಡ್‌ಸೆಟ್ ಎಸೆದಿದ್ದು ಮಾತ್ರ ಒಪ್ಪೋ ಮಾತಲ್ಲ, ಅದನ್ನ ಅವನು ತಣ್ಣಗಾದ ಮೇಲೆ ಗಟ್ಟಿಯಾಗೇ ಹೇಳಿ. ಆದ್ರೆ "ಬರೀ ಆಟ ತಾನೇ" ಅನ್ನೋ ಮಾತನ್ನ ಬಿಟ್ಟುಬಿಡಿ, ಬದಲಿಗೆ "ಏನಾಯ್ತು ಹೇಳು, ರ‍್ಯಾಂಕ್ ಹೋಯ್ತಾ?" ಅಂತ ಕೇಳಿ ನೋಡಿ, ಅವನೇ ಕೂತು ಎಲ್ಲ ಬಿಡಿಸಿ ಹೇಳ್ತಾನೆ. ಕಂಪನಿಗೆ ದೂರು ಬರೆಯೋಕೆ ಇಬ್ಬರೂ ಸೇರಿ ಕೂತ್ಕೊಳ್ಳಿ. ಸಿಟ್ಟನ್ನ ಎಸೆಯೋ ಬದಲು ಬರೆಯೋದು ಹೇಗೆ ಅಂತ ಅವನಿಗೆ ಅಲ್ಲೇ ಗೊತ್ತಾಗುತ್ತೆ, ಆ ಅಭ್ಯಾಸ ಮುಂದೆ ಬಹಳ ಕಡೆ ಉಪಯೋಗಕ್ಕೆ ಬರುತ್ತೆ. ಇನ್ನೊಂದು ಮಾತು, ಸರ್ವರ್ ತೊಂದರೆ ನಡೀತಿರುವಾಗ ಅವನಿಗೆ ಏನಾದ್ರೂ ಕೊಡಿಸೋಕೆ ಕಾರ್ಡ್ ಕೊಡಬೇಡಿ, ದುಡ್ಡು ಹೋಗಿ ವಸ್ತು ಬರದೇ ಇರೋದು ಇಂಥ ಹೊತ್ತಲ್ಲೇ ಜಾಸ್ತಿ.

ಪ್ರಶ್ನೆ: ತಿಂಗಳ ಚಂದಾ ಕಟ್ಟಿ ಆಡ್ತೀನಿ, ಆಡ್ತಾ ಹೋದ ಹಾಗೆ ಬಹುಮಾನ ಕೊಡೋ, ಇಷ್ಟು ದಿನ ಅಂತ ಅವಧಿ ಇರೋ ಬ್ಯಾಟಲ್ ಪಾಸೂ ತಗೊಂಡಿದ್ದೀನಿ. ಒಂದು ವಾರ ಸರಿಯಾಗಿ ಆಡೋಕೆ ಆಗಿಲ್ಲ. ದುಡ್ಡು ವಾಪಸ್ ಕೇಳಬಹುದಾ? ಬ್ಯಾಂಕಿಗೆ ಹೇಳಿ ಪೇಮೆಂಟ್ ರಿವರ್ಸ್ ಮಾಡಿಸು ಅಂತ ಫ್ರೆಂಡ್ ಹೇಳ್ತಿದ್ದಾನೆ.

ಉತ್ತರ: ಕೇಳಬಹುದು, ಕೇಳಲೇಬೇಕು, ಆದ್ರೆ ಬ್ಯಾಂಕ್ ದಾರಿ ಕೊನೇದಾಗಿರಲಿ. ಪೇಮೆಂಟ್ ರಿವರ್ಸ್ ಮಾಡಿಸಿದ್ರೆ ಬಹಳ ಕಂಪನಿಗಳು ಅಕೌಂಟನ್ನೇ ಲಾಕ್ ಮಾಡ್ತಾವೆ, ವರ್ಷಗಟ್ಟಲೆ ಕೂಡಿಟ್ಟಿದ್ದೆಲ್ಲ ಒಳಗೇ ಉಳಿಯುತ್ತೆ. ಮೊದಲು ಗೇಮ್‌ನ ಸಪೋರ್ಟ್, ಆಮೇಲೆ ಎಲ್ಲಿಂದ ಕೊಂಡ್ರೋ ಆ ಸ್ಟೋರ್‌ನ ರೀಫಂಡ್ ವಿಭಾಗ, ಎರಡೂ ಕಡೆ ಬರಹದಲ್ಲಿ ಕೇಳಿ.

ಒಪ್ಪಂದದಲ್ಲಿ ಸರ್ವಿಸ್ ಸದಾ ಇರುತ್ತೆ ಅಂತ ಗ್ಯಾರಂಟಿ ಇಲ್ಲ ಅಂತ ಸಾಮಾನ್ಯವಾಗಿ ಬರೆದೇ ಇರ್ತಾರೆ, ಹಾಗಾಗಿ ನಗದು ವಾಪಸ್ ಸಿಗೋದು ಅಪರೂಪ, ದಿನ ಸೇರಿಸಿ ಕೊಡೋದು ರೂಢಿ. 2025ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ ನೆಟ್‌ವರ್ಕ್ ಸುಮಾರು ಒಂದು ದಿನ ಬಿದ್ದಾಗ ಚಂದಾದಾರರಿಗೆ 5 ದಿನ ಹೆಚ್ಚು ಕೊಟ್ರು. ಆದ್ರೆ ಯಾಕೆ ಬಿತ್ತು ಅಂತ ಕೇಳಿದ್ರೆ ಕಾರ್ಯಾಚರಣೆಯ ತೊಂದರೆ ಅನ್ನೋದನ್ನ ಬಿಟ್ಟು ವಿವರ ಕೊಡಲಿಲ್ಲ. 2011 ನೋಡಿದ ಜನಕ್ಕೆ ಈ ಸಲವೂ ನಮ್ಮ ಡೇಟಾ ಹೋಯ್ತಾ ಅನ್ನೋ ಭಯ ಸಹಜ, ಐದು ದಿನಕ್ಕಿಂತ ಅದಕ್ಕೊಂದು ನೇರ ಉತ್ತರ ಮುಖ್ಯ ಆಗಿತ್ತು ಅಂತ ನನಗನಿಸುತ್ತೆ.

ಬ್ಯಾಟಲ್ ಪಾಸ್ ವಿಷಯದಲ್ಲಿ ನೀವು ಕೇಳಬೇಕಾದ್ದು ಪಾಸ್ ಅವಧಿ ವಿಸ್ತರಣೆ. ಒಂದು ಲೆಕ್ಕ ಇಟ್ಟುಕೊಳ್ಳಿ, 30 ದಿನದ ತಿಂಗಳಲ್ಲಿ ಶೇಕಡಾ 99.9 ಹೊತ್ತು ಸರ್ವರ್ ನಡೆದ್ರೆ ಬಂದ್ ಇದ್ದಿದ್ದು 43 ನಿಮಿಷ, ಶೇಕಡಾ 99 ಅಂದ್ರೆ 7 ಗಂಟೆ 12 ನಿಮಿಷ. ಕೇಳೋಕೆ ಎರಡೂ ಒಂದೇ ಥರ ಇದ್ರೂ ವ್ಯತ್ಯಾಸ ಎಷ್ಟಿದೆ ನೋಡಿ. ನಿಮ್ಮ ಆ ವಾರದ ಗಂಟೆಗಳನ್ನ ಲೆಕ್ಕ ಹಾಕಿ ಪತ್ರದಲ್ಲಿ ಬರೀರಿ, "ಯಾವಾಗಲೂ ಡೌನ್" ಅಂತ ಬರೆದ್ರೆ ರೆಡಿಮೇಡ್ ಉತ್ತರ ಬರುತ್ತೆ.

ಪ್ರಶ್ನೆ: ಸರ್ವರ್ ವಾಪಸ್ ಬಂದಾಗ ಹಿಂದಿನ ರಾತ್ರಿ ಸಿಕ್ಕಿದ್ದ ಅಪರೂಪದ ಕತ್ತಿ ಮಾಯ. ಸಪೋರ್ಟ್‌ನವರು ರೋಲ್‌ಬ್ಯಾಕ್ ಅಂತಾರೆ.

ಉತ್ತರ: ರೋಲ್‌ಬ್ಯಾಕ್ ಅಂದ್ರೆ ಎಲ್ಲರ ಅಕೌಂಟನ್ನೂ ಹಳೇ ಬ್ಯಾಕಪ್ ಇದ್ದ ಹೊತ್ತಿಗೆ ತಗೊಂಡು ಹೋಗೋದು, ನಡುವೆ ಸಿಕ್ಕಿದ್ದು ಕಳೆದಿದ್ದು ಎರಡೂ ಇಲ್ಲದ ಹಾಗಾಗುತ್ತೆ. 2020ರ ಜನವರಿ 28ಕ್ಕೆ ಡೆಸ್ಟಿನಿ 2ನಲ್ಲಿ ಅಪ್‌ಡೇಟ್ ಆದ್ಮೇಲೆ ಜನರ ಸಾಮಗ್ರಿ ಕಾಣೆಯಾದಾಗ ಬಂಜೀ ಕಂಪನಿ ಇದನ್ನೇ ಮಾಡ್ತು. ಬೇರೆ ದಾರಿ ಇಲ್ಲದಾಗ ಮಾಡೋ ಕೆಲಸ, ಅದಕ್ಕೆ ನಿಮ್ಮೊಬ್ಬರಿಗೆ ಕತ್ತಿ ವಾಪಸ್ ಕೊಡೋದು ಕಷ್ಟ ಅಂತಾರೆ. ಆದ್ರೂ ಕತ್ತಿ ಸಿಕ್ಕಿದ ಸ್ಕ್ರೀನ್‌ಶಾಟ್ ಅಥವಾ ವಿಡಿಯೋ ಕ್ಲಿಪ್ ಇದ್ರೆ ಕಳಿಸಿ ಕೇಳಿ, ಆ ನಡುವೆ ದುಡ್ಡು ಕೊಟ್ಟು ಕೊಂಡಿದ್ದು ಏನಾದ್ರೂ ಇದ್ರೆ ರಸೀದಿ ಸಮೇತ ಬಿಡದೆ ಕೇಳಿ, ಅದು ನಿಮ್ಮ ಹಕ್ಕಿನ ದುಡ್ಡು.

ಪ್ರಶ್ನೆ: ನಾವು ಮೂರೇ ಜನ ಸೇರಿ ಒಂದು ಆನ್‌ಲೈನ್ ಗೇಮ್ ನಡೆಸ್ತೀವಿ. ಹೋದ ತಿಂಗಳು ಸರ್ವರ್ ಬಿದ್ದಾಗ ಮೂವರೂ ರಿಪೇರಿಗೆ ಕೂತ್ವಿ, ಎದ್ದು ನೋಡಿದ್ರೆ ಆಟಗಾರರು ಚಾಟ್ ಮಾಡೋ ಡಿಸ್ಕಾರ್ಡ್ ತುಂಬಾ ಬೈಗುಳ, ನಮ್ಮ ಮನೆಯವರನ್ನೂ ಬಿಟ್ಟಿಲ್ಲ. ಅಷ್ಟು ಕಷ್ಟಪಟ್ಟು ಸರಿ ಮಾಡಿದವರಿಗೆ ಇದಾ? ಮುಂದಿನ ಸಲ ಏನು ಬರೀಬೇಕು, ಯಾವಾಗ ಬರೀಬೇಕು ಅಂತಲೇ ತಿಳೀತಿಲ್ಲ.

ಉತ್ತರ: ಮೊದಲಿಗೆ ಆಟಗಾರರಿಗೊಂದು ಮಾತು. ಮನೆಯವರನ್ನ ಎಳೆದು ಬೈಯೋದು, ಬೆದರಿಸೋದು, ಇದಕ್ಕೆ ಯಾವ ಡೌನ್‌ಟೈಮೂ ನೆಪ ಆಗಲ್ಲ. ಆ ಪೋಸ್ಟ್ ಓದೋದು ಬಹಳ ಸಲ ಸರ್ವರ್ ಮುಟ್ಟುವ ಅಧಿಕಾರವೇ ಇಲ್ಲದ ಒಬ್ಬ ಕಮ್ಯುನಿಟಿ ಮ್ಯಾನೇಜರ್. ಹಾಗೆ ಬೈದಷ್ಟೂ ಅವರು ಬರೆಯೋದನ್ನ ಕಡಿಮೆ ಮಾಡ್ತಾರೆ, ಮೌನ ಇನ್ನೂ ಜಾಸ್ತಿ ಆಗುತ್ತೆ.

ಇನ್ನು ನಿಮಗೆ. ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ, ಆದ್ರೆ ಮೂವರೂ ರಿಪೇರಿಗೆ ಕೂರೋ ಹಾಗಿಲ್ಲ. ಇಬ್ಬರು ರಿಪೇರಿ, ಒಬ್ಬರು ಬರೆಯೋದು, ಇದನ್ನ ಸರ್ವರ್ ಚೆನ್ನಾಗಿರುವಾಗಲೇ ತೀರ್ಮಾನ ಮಾಡಿಟ್ಟುಕೊಳ್ಳಿ. ಬರೆಯೋ ಕೆಲಸ ಚಿಕ್ಕದು ಅಂದ್ಕೋಬೇಡಿ, ಆ ರಾತ್ರಿ ಆಟಗಾರರ ಪಾಲಿಗೆ ನಿಮ್ಮ ಇಡೀ ಕಂಪನಿ ಅಂದ್ರೆ ಆ ಒಬ್ಬರೇ. ತೊಂದರೆ ಕಂಡ ಹತ್ತು ನಿಮಿಷದೊಳಗೆ ಮೊದಲ ಪೋಸ್ಟ್ ಹೋಗಲಿ, ಕಾರಣ ಗೊತ್ತಿರದಿದ್ರೂ ಪರವಾಗಿಲ್ಲ. ಉದಾಹರಣೆಗೆ ಹೀಗೆ:

"ರಾತ್ರಿ 8:10ರಿಂದ ಹೊಸದಾಗಿ ಲಾಗಿನ್ ಆಗ್ತಿಲ್ಲ. ಆಗಲೇ ಮ್ಯಾಚಲ್ಲಿ ಇರೋರು ಮುಗಿಸಬಹುದು, ಆದ್ರೆ ಅಂಕ ಸೇವ್ ಆಗೋದು ತಡ ಆಗುತ್ತೆ. ಕಾರಣ ಇನ್ನೂ ಸಿಕ್ಕಿಲ್ಲ. ಗೇಮ್ ಒಳಗಿನ ಅಂಗಡಿ ಬಂದ್ ಮಾಡಿದ್ದೀವಿ, ಸದ್ಯ ಏನೂ ಕೊಳ್ಳೋಕೆ ಆಗಲ್ಲ. ಇವತ್ತಿನ ಈವೆಂಟ್ ಅವಧಿ ನಿಲ್ಲಿಸಿದ್ದೀವಿ, ಸರ್ವರ್ ಬಂದ್ಮೇಲೆ ಉಳಿದ ಹೊತ್ತು ಪೂರ್ತಿ ಸಿಗುತ್ತೆ. ಮುಂದಿನ ಪೋಸ್ಟ್ 8:45ಕ್ಕೆ, ಹೊಸ ವಿಷಯ ಇಲ್ಲದಿದ್ರೂ ಬರೀತೀವಿ."

ಇದರಲ್ಲಿ ಯಾವಾಗ ಸರಿ ಹೋಗುತ್ತೆ ಅನ್ನೋದು ಇಲ್ಲ ನೋಡಿ, ಗೊತ್ತಿಲ್ಲದ್ದನ್ನ ಹೇಳಿಲ್ಲ. ಮುಂದೆ ಯಾವಾಗ ಮಾತಾಡ್ತೀವಿ ಅನ್ನೋದಿದೆ, ಅದು ನಿಮ್ಮ ಕೈಯಲ್ಲೇ ಇರೋದು, ಹಾಗಾಗಿ ಅದನ್ನ ತಪ್ಪಿಸಬೇಡಿ. 8:45 ಅಂದ್ರೆ 8:45. ಈವೆಂಟ್ ನಿಲ್ಲಿಸಿದ್ದೀವಿ ಅನ್ನೋ ಆ ಒಂದು ಸಾಲಿಗೆ ಅರ್ಧ ಬೈಗುಳ ಕಡಿಮೆ ಆಗುತ್ತೆ, ಬರೆಯೋದಷ್ಟೇ ಅಲ್ಲ, ಅದನ್ನ ಮಾಡೋಕೆ ಬೇಕಾದ ಬಟನ್ ಗೇಮ್‌ನೊಳಗೆ ಮೊದಲೇ ಕಟ್ಟಿಟ್ಟಿರಬೇಕು. ಸ್ಟೇಟಸ್ ಪೇಜ್ ಗೇಮ್ ಸರ್ವರ್ ಇರೋ ಜಾಗದಲ್ಲೇ ಇಡಬೇಡಿ, ಅದು ಬಿದ್ರೆ ಇದೂ ಬೀಳುತ್ತೆ. ಎಲ್ಲ ಸರಿ ಹೋದ ಒಂದೆರಡು ದಿನದಲ್ಲಿ ಏನಾಗಿತ್ತು, ಯಾಕಾಗಿತ್ತು, ಮುಂದೆ ಏನು ಬದಲಾಯಿಸ್ತೀರ ಅಂತ ಒಂದು ಪುಟ ಬರೀರಿ. ಎಪಿಕ್ ಕಂಪನಿ 2018ರ ಫೆಬ್ರವರಿಯಲ್ಲಿ ಫೋರ್ಟ್‌ನೈಟ್‌ಗೆ ಒಟ್ಟಿಗೆ 34 ಲಕ್ಷ ಜನ ಬಂದು ಸರ್ವರ್ ಕುಸಿದಾಗ ಡೇಟಾಬೇಸ್ ಎಲ್ಲಿ ಸಿಕ್ಕಿಕೊಂಡ್ತು ಅಂತ ಟೆಕ್ನಿಕಲ್ ವಿವರ ಸಮೇತ ಬರೆದಿತ್ತು, ಹುಡುಕಿ ಓದಿ, ಮಾದರಿಗೆ ಚೆನ್ನಾಗಿದೆ.

ಇನ್ನೊಂದು ಉದಾಹರಣೆ ನಿಮಗೆ ಹತ್ತಿರದ್ದು ಅನಿಸಬಹುದು. 2024ರ ಫೆಬ್ರವರಿಯಲ್ಲಿ ಹೆಲ್‌ಡೈವರ್ಸ್ 2 ಬಂದಾಗ ಆರೋಹೆಡ್ ಸ್ಟುಡಿಯೋ ಅಂದುಕೊಂಡಿದ್ದಕ್ಕಿಂತ ಎಷ್ಟೋ ಪಾಲು ಜನ ಬಂದ್ರು, ಒಟ್ಟಿಗೆ 4.5 ಲಕ್ಷ ಜನ ಮಾತ್ರ ಅಂತ ಮಿತಿ ಹಾಕಬೇಕಾಯ್ತು, ಆಮೇಲೆ ಅದನ್ನ 7 ಲಕ್ಷ, 8 ಲಕ್ಷಕ್ಕೆ ಏರಿಸಿದ್ರು. ಆ ದಿನಗಳಲ್ಲಿ ಸಿಇಒ ಯೋಹಾನ್ ಪಿಲೆಸ್ಟೆಡ್ ತಾವೇ ಕೂತು ಜನರಿಗೆ ಉತ್ತರ ಕೊಡ್ತಿದ್ರು, ಕೈಲಿ ದುಡ್ಡು ಕಮ್ಮಿ ಇದ್ರೆ ಸರ್ವರ್ ಸರಿ ಹೋಗೋವರೆಗೂ ಕೊಳ್ಳಬೇಡಿ, ಕಾಯಿರಿ ಅನ್ನೋ ಅರ್ಥದಲ್ಲಿ ಹೇಳಿದ್ರು. ಮಾರೋನೇ ಹಾಗೆ ಹೇಳಿದ್ದು ಜನಕ್ಕೆ ತಟ್ಟಿತು. ನಿಮ್ಮ ಥರದ ಸಣ್ಣ ತಂಡಕ್ಕೆ ಇದು ಇನ್ನೂ ಸುಲಭ, ಮೇಲಿನವರ ಒಪ್ಪಿಗೆ ಅಂತ ಕಾಯೋ ತಾಪತ್ರಯವೇ ಇಲ್ಲ.

ಪ್ರಶ್ನೆ: ನಾನು ಬಹಳ ವರ್ಷದಿಂದ ಆಡ್ತಿರೋ ಗೇಮ್‌ನ ಸರ್ವರ್ ಪೂರ್ತಿಯಾಗಿ ಮುಚ್ತಾರಂತೆ ಅಂತ ಗಾಳಿ ಸುದ್ದಿ. ಕಂಪನಿ ಹೌದು ಅನ್ನಲ್ಲ, ಇಲ್ಲ ಅನ್ನಲ್ಲ, ಅಂಗಡಿಯಲ್ಲಿ ಮಾತ್ರ ಹೊಸ ಹೊಸ ವಸ್ತು ಮಾರ್ತಾನೇ ಇದೆ. ದುಡ್ಡು ಕೊಟ್ಟು ಕೊಂಡಿದ್ದು ನನ್ನದಲ್ವಾ?
ಗಿಲ್ಡ್ (ಆಟಗಾರರ ತಂಡ) ಲೀಡರ್

ಉತ್ತರ: ಬೇಜಾರಿನ ಉತ್ತರವೇ ಕೊಡಬೇಕು, ಬಹಳ ಕಡೆ ನಿಮಗೆ ಸಿಕ್ಕಿರೋದು ಬಳಸೋ ಲೈಸೆನ್ಸ್ ಮಾತ್ರ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಒಂದು ಕಾನೂನು ಬಂದಿದೆ, ಲೈಸೆನ್ಸ್ ಅನ್ನೋದನ್ನ ಗಿರಾಕಿಗೆ ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕನ್ನ "ಖರೀದಿಸಿ" ಅಂತ ಮಾರೋ ಹಾಗಿಲ್ಲ. ಆ ಕಾನೂನು ಮುಚ್ಚೋದನ್ನ ತಡೆಯಲ್ಲ, ಮುಚ್ಚುಮರೆ ಮಾಡೋದನ್ನ ತಡೆಯುತ್ತೆ.

ಯೂಬಿಸಾಫ್ಟ್ ತನ್ನ ದಿ ಕ್ರೂ ಗೇಮ್‌ನ ಸರ್ವರ್‌ಗಳನ್ನ 2024ರ ಮಾರ್ಚ್ 31ಕ್ಕೆ ನಿಲ್ಲಿಸ್ತು, ಒಬ್ಬರೇ ಆಡಬಹುದಾದ ಭಾಗವೂ ಅದರ ಜೊತೆಗೇ ಹೋಯ್ತು. ಆ ಸಿಟ್ಟಿನಿಂದ ರಾಸ್ ಸ್ಕಾಟ್ ಶುರು ಮಾಡಿದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅಭಿಯಾನಕ್ಕೆ ಯುರೋಪಲ್ಲಿ 2025ರ ಜುಲೈ ಹೊತ್ತಿಗೆ 10 ಲಕ್ಷ ಸಹಿ ದಾಟಿತು. ಅವರು ಕೇಳ್ತಿರೋದು ಸರ್ವರನ್ನ ಕೊನೇವರೆಗೂ ನಡೆಸಿ ಅಂತಲ್ಲ, ಬಿಟ್ಟು ಹೋಗುವಾಗ ಗೇಮ್ ಆಡೋ ಸ್ಥಿತಿಯಲ್ಲಿ ಬಿಟ್ಟು ಹೋಗಿ ಅಂತ. ಆಗದ ಕೆಲಸ ಏನಲ್ಲ ಅದು. ಆನ್‌ಲೈನ್ ಇಲ್ಲದೆ ಓಡೋದೇ ಇಲ್ಲ ಅಂತಿದ್ದ ಸಿಮ್‌ಸಿಟಿಗೆ, 2013ರ ಮಾರ್ಚಲ್ಲಿ ಸರ್ವರ್ ಕುಸಿದು ಅಷ್ಟೆಲ್ಲ ಗಲಾಟೆ ಆದ ಒಂದು ವರ್ಷಕ್ಕೆ ಆಫ್‌ಲೈನ್ ಮೋಡ್ ಬಂತು. ನಾಕೌಟ್ ಸಿಟಿ ಮಾಡಿದವರು 2023ರ ಜೂನಲ್ಲಿ ತಮ್ಮ ಸರ್ವರ್ ಮುಚ್ಚುವಾಗ ಆಟಗಾರರೇ ಸ್ವಂತ ಸರ್ವರ್ ನಡೆಸೋ ಹಾಗೆ ಒಂದು ಆವೃತ್ತಿ ಕೊಟ್ಟು ಹೋದ್ರು.

ನೀವು ಗಿಲ್ಡ್ ಪರವಾಗಿ ಕಂಪನಿಗೆ ಒಂದೇ ಪತ್ರ ಬರೀರಿ, ಎಲ್ಲರ ಸಹಿ ಹಾಕಿ. ಮುಚ್ಚೋ ಯೋಚನೆ ಇದೆಯಾ, ಇದ್ರೆ ಎಷ್ಟು ತಿಂಗಳ ಮುಂಚೆ ಹೇಳ್ತೀರಿ, ಹೇಳಿದ ದಿನದಿಂದ ಅಂಗಡಿ ನಿಲ್ಲಿಸ್ತೀರಾ, ಆಫ್‌ಲೈನ್ ಅಥವಾ ಖಾಸಗಿ ಸರ್ವರ್ ಕೊಡ್ತೀರಾ, ಇಷ್ಟು ಕೇಳಿ. ಉತ್ತರ ಬರೋವರೆಗೂ ಗಿಲ್ಡ್‌ನವರು ಯಾರೂ ಆ ಅಂಗಡಿಯಲ್ಲಿ ಏನೂ ಕೊಳ್ಳದೆ ಇರೋದು ಒಳ್ಳೇದು, ಪತ್ರದಲ್ಲಿ ಅದನ್ನೂ ಬರೀರಿ. ಏನಾಯ್ತು ಅಂತ ನನಗೂ ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರ್ತೀನಿ.